ಹಾಸನದಲ್ಲಿ ಕೆಲಸ ಕಲಿತ, ಲೈಸೆನ್ಸ್ ಇರುವ ಪ್ಲಂಬರ್ ಸಿಗುತ್ತಾರಾ? ಗೋಡೆ ಒಡೆಸಿ ಸಾಕಾಗಿದೆ

ಸಾಲಗಾಮೆ ರಸ್ತೆ ಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಾಲಗಾಮೆ ರಸ್ತೆ ಪಕ್ಕದ ಬಡಾವಣೆಯಲ್ಲಿದೆ. ಕಟ್ಟಿಸಿ 14 ವರ್ಷ ಆಯಿತು. ಕೆಳಗೆ ನಾವು ಇದ್ದೇವೆ. ಮೇಲೆ ಎರಡು ರೂಮು, ಒಂದು ಬಚ್ಚಲುಮನೆ. ಆ ಬಚ್ಚಲುಮನೆಯ ಕೆಳಗೆ ಸರಿಯಾಗಿ ನಮ್ಮ ಹಾಲ್ ಬರುತ್ತದೆ. ಯುಗಾದಿ ಹೊತ್ತಿಗೆ ಹಾಲ್‌ನ ಮೂಲೆಯಲ್ಲಿ ಬಣ್ಣ ಉಬ್ಬಿತು. ಮುಟ್ಟಿದರೆ ತಣ್ಣಗೆ, ಒದ್ದೆ.

ಮೊದಲು ಬಂದವರು ಟೈಲ್ಸ್ ಸಂದಿಯಿಂದ ನೀರು ಇಳಿಯುತ್ತಿದೆ ಎಂದು ಬಿಳಿ ಸಿಮೆಂಟ್ ತುಂಬಿ ಹೋದರು. ಹದಿನೈದು ದಿನ ಕಳೆಯಿತು, ಮತ್ತೆ ಅದೇ. ಎರಡನೆಯವರು ಬಂದು ಐದೇ ನಿಮಿಷ ನೋಡಿದರು. ಒಳಗಿನ ಪೈಪ್ ಎಲ್ಲ ಹೋಗಿದೆ, ಪೂರ್ತಿ ಹೊಸದು ಹಾಕಬೇಕು, 48,000 ಆಗುತ್ತದೆ ಎಂದರು. ಮೂರನೆಯವರು ಗೋಡೆ ಒಡೆದು, ಒಂದು ಕಡೆ ಪೈಪ್ ಕತ್ತರಿಸಿ, ಬಿಳಿ ಪೈಪ್ ತುಂಡು ಜೋಡಿಸಿ, ಅವತ್ತೇ ಸಿಮೆಂಟ್ ಮೆತ್ತಿಸಿ ದುಡ್ಡು ತೆಗೆದುಕೊಂಡರು. ಐದು ವಾರಕ್ಕೆ ಮೊದಲಿಗಿಂತ ದೊಡ್ಡ ಒದ್ದೆ. ಈಗ ಫೋನ್ ಎತ್ತುತ್ತಿಲ್ಲ.

ಮನೆಯಲ್ಲಿ ಅಮ್ಮ ಇದ್ದಾರೆ, 76 ವರ್ಷ. ಧೂಳಿಗೆ ಅವರಿಗೆ ಕೆಮ್ಮು ಜಾಸ್ತಿಯಾಗಿದೆ. ಇನ್ನೊಂದು ಸಲ ಗೋಡೆ ಒಡೆಸುವ ಶಕ್ತಿ ನನಗಿಲ್ಲ. ಒಡೆಸಲೇಬೇಕು ಎಂದರೆ ಕೆಲಸ ಗೊತ್ತಿರುವವರ ಕೈಯಲ್ಲೇ ಆಗಬೇಕು. ಪ್ಲಂಬರ್‌ಗೆ ಲೈಸೆನ್ಸ್ ಅಂತ ಇರುತ್ತದಾ? ಯಾರು ಕೊಡುತ್ತಾರೆ? ಕೇಳಿದರೆ ತಪ್ಪು ತಿಳಿಯುತ್ತಾರಾ? ದಯವಿಟ್ಟು ಹೇಳಿ.

ಹೊಸಲೈನ್ ರಸ್ತೆ
ಮೇಡಂ, ಲೈಸೆನ್ಸ್ ವಿಷಯ ಆಮೇಲೆ. ಆ ಒದ್ದೆ ಮೂಲೆಯ ಹತ್ತಿರ ಸ್ವಿಚ್ ಬೋರ್ಡ್ ಇದೆಯಾ? ಇದ್ದರೆ ಆ ಲೈನಿನ ಎಂಸಿಬಿ, ಅಂದರೆ ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್, ಈಗಲೇ ಇಳಿಸಿ. ನಮ್ಮ ಮನೆಯಲ್ಲಿ ಹೀಗೇ ಒದ್ದೆಯಾಗಿ ಬೋರ್ಡ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಅಮ್ಮ ಬೇರೆ ಇದ್ದಾರೆ ಅಂತೀರಿ.

ಸಾಲಗಾಮೆ ರಸ್ತೆ ಮನೆ
ಇದೆ ಸರ್, ಎರಡು ಅಡಿ ದೂರದಲ್ಲಿ. ಈಗಲೇ ಇಳಿಸಿದೆ. ಇದು ಹೊಳೆದೇ ಇರಲಿಲ್ಲ. ತುಂಬಾ ಥ್ಯಾಂಕ್ಸ್.

ಐಟಿಐ ಮೇಷ್ಟ್ರು
ನಾನು ಐಟಿಐನಲ್ಲಿ ಪಾಠ ಮಾಡಿ ನಿವೃತ್ತನಾದವನು. ಕಾಗದದ ವಿಷಯ ಹೇಳುತ್ತೇನೆ. ಇದರಲ್ಲಿ ಬಹಳ ಜನಕ್ಕೆ ಗೊಂದಲ ಇದೆ.

ಓದಿದ್ದಕ್ಕೆ ಕೊಡುವ ಪ್ರಮಾಣಪತ್ರ ಬೇರೆ, ಕೆಲಸ ಮಾಡಲು ಕೊಡುವ ಲೈಸೆನ್ಸ್ ಬೇರೆ. ಐಟಿಐನಲ್ಲಿ ಪ್ಲಂಬರ್ ಅಂತಲೇ ಒಂದು ಟ್ರೇಡ್ ಇದೆ. ಒಂದು ವರ್ಷದ ಕೋರ್ಸ್. ಪಾಸಾದವರಿಗೆ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ಸಿಗುತ್ತದೆ. ಇನ್ನೊಂದು ದಾರಿಯೂ ಇದೆ. ಶಾಲೆ ಬಿಟ್ಟು ಅಪ್ಪನ ಜೊತೆಗೋ ಮೇಸ್ತ್ರಿ ಜೊತೆಗೋ ಕೆಲಸ ಕಲಿತವರು ನಮ್ಮಲ್ಲಿ ಜಾಸ್ತಿ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಅಂಥವರ ಕೈಕೆಲಸವನ್ನೇ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಬಂತು. ಪ್ಲಂಬಿಂಗ್‌ಗೆ ಬೇರೆಯದೇ ಕೌಶಲ ಮಂಡಳಿ ಇದೆ.

ಲೈಸೆನ್ಸ್ ಬರುವುದು ರಸ್ತೆಯ ಪೈಪಿನ ವಿಷಯದಲ್ಲಿ. ಬೆಂಗಳೂರಿನಲ್ಲಿ ಜಲಮಂಡಳಿಯೇ ಪ್ಲಂಬರ್‌ಗಳಿಗೆ ಲೈಸೆನ್ಸ್ ಕೊಡುತ್ತದೆ. ನಮ್ಮ ಕಡೆಯೂ ಹೊಸ ನಲ್ಲಿ ಸಂಪರ್ಕ ಆಗಲಿ, ಒಳಚರಂಡಿಗೆ ಸೇರಿಸುವುದಾಗಲಿ, ನಗರಾಡಳಿತಕ್ಕೆ ಅರ್ಜಿ ಹಾಕದೆ ಯಾರೂ ರಸ್ತೆ ಅಗೆಯುವ ಹಾಗಿಲ್ಲ. ಆ ಕೆಲಸಕ್ಕೆ ಯಾರನ್ನು ಒಪ್ಪುತ್ತಾರೆ ಎಂದು ನೀರು ವಿಭಾಗದಲ್ಲೇ ಕೇಳಿ. ಆ ಹೆಸರುಗಳಲ್ಲಿ ಒಬ್ಬರನ್ನು ಮನೆ ಕೆಲಸಕ್ಕೂ ಕರೆಯಬಹುದು. ಆದರೆ ಮನೆಯೊಳಗೆ ನಲ್ಲಿ ಬದಲಿಸುವುದಕ್ಕೆ, ಗೋಡೆಯೊಳಗಿನ ಪೈಪ್ ರಿಪೇರಿಗೆ ಸಾಮಾನ್ಯವಾಗಿ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಕರೆಂಟ್ ಕೆಲಸ ಹಾಗಲ್ಲ. ಅದಕ್ಕೆ ವಿದ್ಯುತ್ ಪರಿವೀಕ್ಷಣಾಲಯ ಗುತ್ತಿಗೆದಾರರಿಗೆ ಲೈಸೆನ್ಸ್ ಕೊಡುತ್ತದೆ. ಗೀಸರ್‌ಗೆ, ಸಂಪಿನ ಮೋಟಾರ್‌ಗೆ ಪ್ಲಂಬರ್ ಕೈಯಲ್ಲೇ ವೈರ್ ಕೊಡಿಸಬೇಡಿ. ಎರಡೂ ಬರುತ್ತದೆ ಎಂದು ಅವರೇ ಹೇಳಿದರೂ ಬೇಡ.

ಕೇಳಿದರೆ ತಪ್ಪು ತಿಳಿಯುತ್ತಾರಾ ಎಂದಿರಿ. ನನ್ನ ಹುಡುಗರು ಆ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿರುತ್ತಾರೆ. ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ. ಹತ್ತಿರದ ಐಟಿಐಗೆ ಹೋಗಿ, ಇಲ್ಲಿಂದ ಪಾಸಾಗಿ ಊರಲ್ಲೇ ಕೆಲಸ ಮಾಡುತ್ತಿರುವವರು ಯಾರು ಎಂದು ಕೇಳಿ. ಮೇಷ್ಟ್ರುಗಳ ಹತ್ತಿರ ನಂಬರ್ ಇರುತ್ತದೆ.

ಪೈಪ್ ಕೆಲಸದವನು
ನಾನು 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅರಸೀಕೆರೆ ಕಡೆಯವನು, ಈಗ ಹಾಸನದಲ್ಲೇ ಮನೆ. ನನ್ನ ನಂಬರ್ ಇಲ್ಲಿ ಹಾಕುವುದಿಲ್ಲ. ಗಿರಾಕಿ ಹುಡುಕಲು ಬರೆಯುತ್ತಿಲ್ಲ.

ಅಕ್ಕ, ನೀವು ಹೇಳಿದ್ದರಲ್ಲಿ ಒಂದು ಮಾತು ನನಗೆ ಚುಚ್ಚಿತು. ಬಿಳಿ ಪೈಪ್ ತುಂಡು ಜೋಡಿಸಿದರು ಎಂದಿರಿ. ಆ ಬಚ್ಚಲುಮನೆಗೆ ಬಿಸಿನೀರು ಎಲ್ಲಿಂದ ಬರುತ್ತದೆ? ಸೋಲಾರ್ ಇದೆಯಾ? ಇದ್ದರೆ, ಆ ತುಂಡು ಬಿಸಿನೀರಿನ ಲೈನಿಗೆ ಹಾಕಿದ್ದಾರಾ? ಬಿಳಿ ಬಣ್ಣದ್ದು ಯುಪಿವಿಸಿ. ಅದು ತಣ್ಣೀರಿಗೆ ಮಾತ್ರ. 45 ಡಿಗ್ರಿ ದಾಟಿದರೆ ಅದರ ಬಲ ಹೋಗುತ್ತದೆ. ಬಿಸಿನೀರಿಗೆ ಹಾಕುವುದು ಸಿಪಿವಿಸಿ, ಕೆನೆ ಬಣ್ಣದ್ದು, 93 ಡಿಗ್ರಿ ತನಕ ತಡೆಯುತ್ತದೆ. ಬಿಸಿಲುಗಾಲದ ಮಧ್ಯಾಹ್ನ ಸೋಲಾರ್ ನೀರು 70 ಡಿಗ್ರಿ ಆಗುವುದು ದೊಡ್ಡ ಮಾತಲ್ಲ. ಬಿಳಿ ಪೈಪ್ ಅಲ್ಲಿ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಎರಡನ್ನೂ ಅಂಟಿಸುವ ಸಲ್ಯೂಷನ್ ಕೂಡ ಬೇರೆ ಬೇರೆ. ಅಂಗಡಿಯಲ್ಲಿ ಒಂದೇ ಡಬ್ಬಿ ತಂದು ಎಲ್ಲದಕ್ಕೂ ಬಳಿಯುವವರನ್ನು ನಾನೇ ನೋಡಿದ್ದೇನೆ.

ಇನ್ನು ಒದ್ದೆ ಎಲ್ಲಿಂದ ಅಂತ ಕಂಡುಹಿಡಿಯುವುದು. ಗೋಡೆ ಒಡೆಯುವುದಕ್ಕೆ ಮುಂಚೆ ಇದನ್ನು ಮಾಡದವನು ಪ್ಲಂಬರ್ ಅಲ್ಲ. ಒದ್ದೆಗೆ ಮೂರೇ ದಾರಿ. ನಲ್ಲಿಗೆ ಬರುವ ನೀರಿನ ಪೈಪ್, ಹೊರಗೆ ಹೋಗುವ ಕೊಳೆನೀರಿನ ಪೈಪ್, ಇಲ್ಲವೇ ಮಳೆ. ನಲ್ಲಿ ಲೈನಿನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನೀರು ತುಂಬಿರುತ್ತದೆ. ಹಾಗಾಗಿ ನೀವು ಸ್ನಾನ ಮಾಡಲಿ ಬಿಡಲಿ, ಒದ್ದೆ ಬೆಳೆಯುತ್ತಲೇ ಇರುತ್ತದೆ. ಕೊಳೆನೀರಿನ ಪೈಪ್ ಆದರೆ ಸ್ನಾನ ಮಾಡಿದ ದಿನ ಜಾಸ್ತಿ, ಊರಿಗೆ ಹೋಗಿ ಬಂದರೆ ಕಡಿಮೆ.

ಹೀಗೆ ಮಾಡಿ. ಒದ್ದೆಯ ಅಂಚಿನ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು, ಗಂಟೆ ಬರೆಯಿರಿ. ಮೇಲಿನ ಬಚ್ಚಲುಮನೆ ಬಳಸುವುದು ನಿಲ್ಲಿಸಿ. ಮಾಳಿಗೆಯಲ್ಲಿ ಟ್ಯಾಂಕ್ ಹತ್ತಿರ ಆ ಬಚ್ಚಲುಮನೆಗೆ ಹೋಗುವ ತಣ್ಣೀರಿನ ವಾಲ್ ಮುಚ್ಚಿ ಎರಡು ದಿನ ಬಿಡಿ. ಆಮೇಲೆ ಅದನ್ನು ತೆರೆದು, ಸೋಲಾರ್‌ನಿಂದ ಇಳಿಯುವ ಬಿಸಿನೀರಿನ ವಾಲ್ ಮುಚ್ಚಿ ಮತ್ತೆ ಎರಡು ದಿನ. ಒಳಗೆ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ ಇದ್ದರೆ ಅದರ ಕೆಳಗಿನ ಎರಡೂ ಆಂಗಲ್ ಕಾಕ್ (ಸಣ್ಣ ವಾಲ್) ಮುಚ್ಚಿರಲಿ. ಇಲ್ಲದಿದ್ದರೆ ಒಂದು ಲೈನಿನ ನೀರು ಇನ್ನೊಂದಕ್ಕೆ ನುಗ್ಗುತ್ತದೆ. ಒಂದು ಎಚ್ಚರಿಕೆ. ಸೋಲಾರ್ ಟ್ಯಾಂಕಿನ ಮೇಲೆ ಗಾಳಿಗೆ ಬಿಟ್ಟ ಸಣ್ಣ ಪೈಪ್ ಇರುತ್ತದೆ. ಅದನ್ನು ಮಾತ್ರ ಯಾವತ್ತೂ ಮುಚ್ಚಬಾರದು, ಟ್ಯಾಂಕ್ ಸೀಳುತ್ತದೆ. ಗುರುತು ಹಿಡಿಯಲು ಬರದಿದ್ದರೆ ಮುಟ್ಟಬೇಡಿ.

ನಾಲ್ಕೂ ದಿನ ಗೆರೆ ಏನು ಹೇಳುತ್ತದೆ ನೋಡಿ. ಒಂದು ಪೈಸೆ ಖರ್ಚಿಲ್ಲ.

ಕಾಫಿ ತೋಟ, ಮೂಡಿಗೆರೆ
ಇಲ್ಲಿ ಪೇಟೆಯವರೇ ಜಾಸ್ತಿ ಮಾತಾಡುತ್ತಿದ್ದೀರಿ, ಮಲೆನಾಡಿನ ಕಥೆಯನ್ನೂ ಸೇರಿಸುತ್ತೇನೆ. ನಮಗೆ ಮೋಟಾರೂ ಇಲ್ಲ, ಸಂಪೂ ಇಲ್ಲ. ಗುಡ್ಡದ ಮೇಲಿನ ಒರತೆಯಿಂದ ಕಪ್ಪು ಎಚ್‌ಡಿಪಿಇ ಪೈಪ್ ಎಳೆದಿದ್ದೇವೆ. ಮನೆಗೂ ಒರತೆಗೂ ಸುಮಾರು 50 ಮೀಟರ್ ಎತ್ತರದ ವ್ಯತ್ಯಾಸ.

ಹೋದ ವರ್ಷ ಮನೆಗೆ ಹೊಸ ಬಚ್ಚಲುಮನೆ ಕಟ್ಟಿಸಿದೆವು. ಪೇಟೆಯಿಂದ ಬಂದ ಪ್ಲಂಬರ್ ಆ ಲೈನನ್ನು ನೇರ ತಂದು ಶವರ್‌ಗೆ ಕೊಟ್ಟರು. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮಲಗಿದೆವು. ಬೆಳಿಗ್ಗೆ ಎದ್ದರೆ ಫ್ಲಷ್ ಟ್ಯಾಂಕಿನ ಬಳ್ಳಿಪೈಪ್ ಹರಿದು ಮನೆಯೆಲ್ಲ ನೀರು. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆಜಿ ಪ್ರೆಷರ್ ಅಂತ ಲೆಕ್ಕ. 50 ಮೀಟರ್ ಅಂದರೆ ಐದು ಕೆಜಿ. ಪೇಟೆ ಮನೆಯಲ್ಲಿ ಮಾಳಿಗೆ ಟ್ಯಾಂಕಿನಿಂದ ಬರುವುದು ಸಾಮಾನ್ಯವಾಗಿ ಒಂದು ಕೆಜಿಯೂ ಇರುವುದಿಲ್ಲ. ಅವರು ಅದೇ ಲೆಕ್ಕದಲ್ಲಿ ಸಾಮಾನು ಹಾಕಿದ್ದರು. ಎಷ್ಟು ಎತ್ತರದಿಂದ ನೀರು ಬರುತ್ತದೆ ಎಂದು ಒಂದು ಮಾತು ಕೇಳಲಿಲ್ಲ.

ಆಮೇಲೆ ಕೊಪ್ಪದ ಕಡೆಯ ಒಬ್ಬ ವಯಸ್ಸಾದವರು ಬಂದರು. ಸರ್ಟಿಫಿಕೇಟ್ ಏನೂ ಇಲ್ಲ. ಬಂದವರೇ ಟೀ ಕೂಡ ಕುಡಿಯದೆ ಒರತೆ ತನಕ ಹತ್ತಿದರು. ಇಳಿಯುತ್ತಾ ಪೈಪ್ ಎಲ್ಲಿ ಉಬ್ಬು ಹತ್ತುತ್ತದೆ, ಎಲ್ಲಿ ತಗ್ಗು ಇಳಿಯುತ್ತದೆ ಅಂತ ನೋಡಿಕೊಂಡು ಬಂದರು. ಮನೆಗಿಂತ ಸ್ವಲ್ಪ ಮೇಲೆ ಒಂದು ಸಣ್ಣ ಟ್ಯಾಂಕ್ ಇಡಿಸಿದರು. ಗುಡ್ಡದ ನೀರು ಅದಕ್ಕೆ ಬಂದು ಬೀಳುತ್ತದೆ, ಅಲ್ಲಿಂದ ಮನೆಗೆ ಹೊಸ ಲೈನು. ಹೆಚ್ಚಾದ ನೀರು ತೋಟಕ್ಕೆ ಹೋಗುತ್ತದೆ. ಉಬ್ಬು ಇರುವ ಎರಡು ಕಡೆ ಗಾಳಿ ಬಿಡುವುದಕ್ಕೆ ಸಣ್ಣ ಕಾಕ್ ಹಾಕಿದರು. ಅದಕ್ಕೂ ಮುಂಚೆ ಪ್ರತಿ ಬೇಸಿಗೆಯಲ್ಲಿ ಲೈನ್ ಗಾಳಿ ಹಿಡಿದು ನಾವು ಬಾಯಿಟ್ಟು ನೀರು ಎಳೆಯುತ್ತಿದ್ದೆವು.

ಮೇಷ್ಟ್ರೇ, ನಿಮ್ಮ ಮಾತಿಗೆ ಎದುರಾಡುತ್ತಿಲ್ಲ. ಕಾಗದ ಇಲ್ಲದವರಲ್ಲೂ ಇಂಥವರು ಇದ್ದಾರೆ ಅಂತ ಹೇಳಬೇಕು ಅನ್ನಿಸಿತು.

ಐಟಿಐ ಮೇಷ್ಟ್ರು
ಖಂಡಿತ ಇದ್ದಾರೆ. ಅಂಥವರ ಕೈಗೇ ಆ ಸರ್ಟಿಫಿಕೇಟ್ ಸಿಗಬೇಕು ಅನ್ನುವುದು ನನ್ನ ಆಸೆ. ನೀವು ಹೇಳಿದವರು ಒರತೆ ತನಕ ಹತ್ತಿದರಲ್ಲ, ನಾನು ಕ್ಲಾಸಿನಲ್ಲಿ ಹುಡುಗರಿಗೆ ಮೊದಲ ದಿನ ಹೇಳುತ್ತಿದ್ದದ್ದು ಅದೇ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಎರಡೂ ತುದಿ ಕಣ್ಣಾರೆ ನೋಡಿ ಆಮೇಲೆ ಸ್ಪ್ಯಾನರ್ ಮುಟ್ಟು.

ಗುರುತಿಲ್ಲದವರು ಬಂದಾಗ ಒಂದು ಸಣ್ಣ ಪ್ರಶ್ನೆ ಕೇಳಿ. ಬಚ್ಚಲಿನ ನೀರು ಹೋಗುವ ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪ್‌ನಲ್ಲಿ ಎಷ್ಟು ನೀರು ನಿಂತಿರಬೇಕು ಅಂತ. 50 ಮಿಲಿಮೀಟರ್, ಅಂದರೆ ಎರಡು ಇಂಚು. ಆ ನೀರೇ ಚರಂಡಿಯ ವಾಸನೆ ಮನೆಗೆ ಬರದ ಹಾಗೆ ತಡೆಯುವುದು. ಮಿಲಿಮೀಟರ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಯಾಕೆ ನಿಲ್ಲಬೇಕು ಎಂದು ಹೇಳಲು ಬಂದರೆ ಸಾಕು. ವಾಸನೆ ಬರುತ್ತಿದೆ ಎಂದರೆ ಫಿನಾಯಿಲ್ ಹಾಕಿ ಎನ್ನುವವರಿಗೆ ಕೆಲಸ ಕೊಡಬೇಡಿ.

ಕುವೆಂಪುನಗರ ಬಾಡಿಗೆ ಮನೆ
ನಡುವೆ ಒಂದು ಪ್ರಶ್ನೆ. ಬಾಡಿಗೆ ಮನೆಯಲ್ಲಿ ಪೈಪ್ ಸೋರಿದರೆ ದುಡ್ಡು ಯಾರು ಕೊಡಬೇಕು? ನಮ್ಮ ಮನೆ ಓನರ್ ನೀವೇ ಮಾಡಿಸಿಕೊಳ್ಳಿ ಅಂತಾರೆ.

ಹೊಸಲೈನ್ ರಸ್ತೆ
ನಿಮ್ಮ ಕರಾರು ಪತ್ರದಲ್ಲಿ ಏನು ಬರೆದಿದೆ ಅನ್ನುವುದೇ ಮುಖ್ಯ. ಅದರಲ್ಲಿ ಏನೂ ಇಲ್ಲದಿದ್ದರೆ, ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ತೋರಿಸಿ ಮಾತಾಡಿ. ಅದರಲ್ಲಿ ಪೈಪ್ ಬದಲಿಸುವುದು ಓನರ್ ಕೆಲಸ, ನಲ್ಲಿ ವಾಷರ್ ಬದಲಿಸುವುದು, ಮೋರಿ ಕಟ್ಟಿದ್ದು ಬಿಡಿಸುವುದು ಬಾಡಿಗೆದಾರರ ಕೆಲಸ ಎಂದು ಹಂಚಿದ್ದಾರೆ. ಅದು ಮಾದರಿ ಅಷ್ಟೇ. ಆದರೂ ಎದುರು ಕೂತು ಮಾತಾಡುವಾಗ ಕೈಯಲ್ಲಿ ಒಂದು ಆಧಾರ ಇರುತ್ತದೆ, ಅಲ್ವಾ.

ಹಾರ್ಡ್‌ವೇರ್ ಅಂಗಡಿ
ಅಂಗಡಿಯವನ ಮಾತೂ ಸ್ವಲ್ಪ ಕೇಳಿ. ಸಾಮಾನು ನೀವೇ ಬಂದು ತೆಗೆದುಕೊಳ್ಳಿ, ಪ್ಲಂಬರ್ ಬರೆದುಕೊಟ್ಟ ಚೀಟಿ ಹಿಡಿದು ಬನ್ನಿ. ಪೈಪಿನ ಮೇಲೆ ಉದ್ದಕ್ಕೂ ಪ್ರಿಂಟ್ ಇರುತ್ತದೆ, ಅದನ್ನು ಓದಿ. ಐಎಸ್ ಅಂದರೆ ಭಾರತೀಯ ಮಾನಕದ ನಂಬರ್. ಸಿಪಿವಿಸಿ ಆದರೆ ಐಎಸ್ 15778, ತಣ್ಣೀರಿನ ಯುಪಿವಿಸಿ ಆದರೆ ಐಎಸ್ 4985, ಕೊಳೆನೀರಿನ ಬೂದು ಪೈಪಿಗೆ ಐಎಸ್ 13592. ಪೈಪ್ ಒಳ್ಳೆಯದು ತಂದು ಫಿಟ್ಟಿಂಗ್ ಅಗ್ಗದ್ದು ತರುವವರು ಬಹಳ. ಸೋರುವುದು ಪೈಪ್ ನಡುವೆ ಅಲ್ಲ, ಎಲ್ಬೊ, ಟೀ, ಕಪ್ಲರ್ ಇರುವ ಕಡೆ, ಅಂದರೆ ಪೈಪ್ ತಿರುಗುವ, ಕವಲೊಡೆಯುವ, ಜೋಡಿಸುವ ಜಾಗದಲ್ಲಿ. ನಲ್ಲಿಯನ್ನು ತಿರುಗಿಸಿ ಕೂರಿಸುವ ಜಾಗಕ್ಕೆ ಹಿತ್ತಾಳೆ ಥ್ರೆಡ್ ಇರುವ ಎಲ್ಬೊನೇ ಹಾಕಿಸಿ. ಬರೀ ಪ್ಲಾಸ್ಟಿಕ್ ಥ್ರೆಡ್ ಆದರೆ ನಲ್ಲಿ ಬಿಗಿ ಮಾಡುವಾಗಲೇ ಬಿರುಕು ಬಿಡುತ್ತದೆ. ಗೋಡೆಯೊಳಗೆ ಹೋದ ಮೇಲೆ ಅದು ಯಾರಿಗೂ ಕಾಣಿಸುವುದಿಲ್ಲ.

ಬಿಲ್ ಕೇಳಿ ತೆಗೆದುಕೊಳ್ಳಿ. ಉಳಿದ ಸಾಮಾನು ವಾಪಸ್ ಕೊಡಲು ಅದು ಬೇಕು.

ಕೋಟೆ, ಚಿಕ್ಕಮಗಳೂರು
ನಾನು ಚಿಕ್ಕಮಗಳೂರು. ಯಜಮಾನರು ಮಂಗಳೂರಿನಲ್ಲಿ ಕೆಲಸ. ಮನೆಯಲ್ಲಿ ನಾನು, ಮಗಳು ಇಬ್ಬರೇ. ಹಾಗಾಗಿ ಯಾರನ್ನು ಒಳಗೆ ಬಿಡುತ್ತೇನೆ ಅನ್ನುವುದು ನನಗೆ ದೊಡ್ಡ ವಿಷಯ.

ಬೀದಿಯಲ್ಲಿ ಇತ್ತೀಚೆಗೆ ಬಚ್ಚಲುಮನೆ ಮಾಡಿಸಿದವರ ಮನೆಗೆ ಹೋಗಿ ಕೇಳುತ್ತೇನೆ. ಕೆಲಸ ಮುಗಿದು ಒಂದು ವರ್ಷ ಆದ ಮನೆ ಆಗಬೇಕು. ಹೊಸತರಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಅವರನ್ನು ಮೂರು ಮಾತು ಕೇಳುತ್ತೇನೆ. ಹೇಳಿದ ದಿನ ಬಂದರಾ? ಹೇಳಿದ ದುಡ್ಡಿಗೇ ಮುಗಿಸಿದರಾ? ಸೋರಿದಾಗ ಫೋನ್ ಮಾಡಿದರೆ ಮತ್ತೆ ಬಂದರಾ? ಮೂರನೆಯದಕ್ಕೆ ಹೌದು ಅಂದರೆ ನನಗೆ ಮಿಕ್ಕಿದ್ದು ಬೇಕಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳುತ್ತೇನೆ. ಯಾವ ಕೆಲಸ, ಸಾಮಾನು ಯಾರದು, ಕೂಲಿ ಎಷ್ಟು, ಗಾರೆಯವರು ಯಾರು, ಟೈಲ್ಸ್ ಮತ್ತೆ ಕೂರಿಸುವುದು ಯಾರ ಲೆಕ್ಕ. ಕೊನೆಯದು ಬಹಳ ಮುಖ್ಯ. ಪ್ಲಂಬರ್ ಒಡೆದು ಹೋಗುತ್ತಾರೆ, ಮುಚ್ಚುವವರು ಯಾರು ಅನ್ನುವಲ್ಲೇ ನಮ್ಮ ಅಕ್ಕನ ಮನೆಯಲ್ಲಿ ಜಗಳ ಆಗಿದ್ದು. ಹಾಳೆಯ ಕೆಳಗೆ ಇಬ್ಬರೂ ಸಹಿ ಹಾಕುತ್ತೇವೆ. ಮುಂಗಡ ಸಾಮಾನಿಗೆ ಮಾತ್ರ ಕೊಡುತ್ತೇನೆ. ಕೂಲಿಯಲ್ಲಿ ಒಂದು ಪಾಲು ಎಂಟು ದಿನ ಆದ ಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪಿದವರಷ್ಟೇ ಬರುತ್ತಾರೆ.

ಇನ್ನೊಂದು, ಗೋಡೆ ಮುಚ್ಚುವ ಮುಂಚೆ ಪೈಪ್ ಕಾಣುವ ಹಾಗೆ ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ತೆಗೆಯಿರಿ. ನೆಲದಿಂದ ಎಷ್ಟು ಎತ್ತರ, ಬಾಗಿಲಿನಿಂದ ಎಷ್ಟು ದೂರ ಅಂತ ಗೊತ್ತಾಗಬೇಕು. ಮುಂದೆ ಕನ್ನಡಿಗೆ ಮೊಳೆ ಹೊಡೆಯುವಾಗ ಆ ಫೋಟೋ ಬೇಕಾಗುತ್ತದೆ.

ಪೈಪ್ ಕೆಲಸದವನು
ಈ ಅಕ್ಕ ಹೇಳಿದ್ದನ್ನು ಎಲ್ಲರೂ ಮಾಡಿದರೆ ನಮಗೂ ಒಳ್ಳೆಯದು. ಮಾತಿನ ಮೇಲೆ ಕೆಲಸ ಶುರುವಾಗುತ್ತದೆ. ನಡುವೆ ಇದೊಂದು ನೋಡಿಬಿಡಪ್ಪ, ಅದೊಂದು ನೋಡಿಬಿಡಪ್ಪ ಅಂತ ನಾಲ್ಕು ಕೆಲಸ ಸೇರುತ್ತವೆ. ಕೊನೆಗೆ ದುಡ್ಡು ಕೇಳಿದರೆ ಮುಖ ತಿರುಗಿಸುತ್ತಾರೆ. ಎರಡು ಗಂಟೆ ಹುಡುಕಿ ಹತ್ತು ರೂಪಾಯಿ ವಾಷರ್ ಹಾಕಿ ಸರಿ ಮಾಡಿದರೆ, ಒಂದು ವಾಷರ್‌ಗೆ ಇಷ್ಟಾ ಅಂತಾರೆ. ಅದೇ ಗೋಡೆಯೆಲ್ಲ ಒಡೆದು ಧೂಳೆಬ್ಬಿಸಿದರೆ ಕೇಳಿದಷ್ಟು ಕೊಡುತ್ತಾರೆ. ಹುಡುಕಿದ್ದಕ್ಕೆ ಕೂಲಿ ಇಲ್ಲ ಅಂದರೆ ಹುಡುಗರು ಯಾಕೆ ಹುಡುಕುತ್ತಾರೆ? ಒಡೆಯುತ್ತಾರೆ. ನೋಡಲು ಬಂದಿದ್ದಕ್ಕೆ, ಪರೀಕ್ಷೆ ಮಾಡಿದ್ದಕ್ಕೆ ಬೇರೆಯಾಗಿ ದುಡ್ಡು ಕೊಡಿ. ಡಾಕ್ಟರ್‌ಗೆ ಕೊಡುವುದಿಲ್ಲವಾ?

ನನ್ನ ಹಾಗೆ ಕೆಲಸ ಮಾಡುವ ಹುಡುಗರು ಯಾರಾದರೂ ಓದುತ್ತಿದ್ದರೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ. ಪ್ಲಂಬರ್‌ಗೂ ಸಿಗುತ್ತದೆ. 18ರಿಂದ 60 ವರ್ಷದ ಒಳಗಿರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ನಾನು ಕಾರ್ಡ್ ಮಾಡಿಸಿದ್ದೇನೆ.

ಉದಯಗಿರಿ
ನಮ್ಮ ಬೀದಿಯಲ್ಲಿ ಒಳಚರಂಡಿ ಗುಂಡಿ ಕಟ್ಟಿಕೊಂಡಿದೆ. ಪ್ಲಂಬರ್ ಜೊತೆ ಬಂದ ಹುಡುಗ ಇಳಿದು ತೆಗೆಯುತ್ತೇನೆ ಅಂದ. ದುಡ್ಡೂ ಕಡಿಮೆ. ಮಾಡಿಸಬಹುದಾ?

ಐಟಿಐ ಮೇಷ್ಟ್ರು
ಬೇಡ. ದಯವಿಟ್ಟು ಬೇಡ. ಒಳಗೆ ವಿಷಗಾಳಿ ಇರುತ್ತದೆ. ಇಳಿದ ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ, ಎತ್ತಲು ಇಳಿದವರೂ ಉಳಿಯುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ರಕ್ಷಣೆ ಇಲ್ಲದೆ ಮನುಷ್ಯರನ್ನು ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಇಳಿಸಿದವರಿಗೆ ಜೈಲಾಗಬಹುದು. ಸುಪ್ರೀಂ ಕೋರ್ಟ್ 2023ರಲ್ಲಿ ಹೀಗೆ ಸತ್ತವರ ಮನೆಯವರಿಗೆ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಹುಡುಗ ತಾನಾಗಿ ಒಪ್ಪಿದರೂ ನೀವು ಒಪ್ಪಬೇಡಿ. ನಗರಾಡಳಿತಕ್ಕೆ ಫೋನ್ ಮಾಡಿ ಯಂತ್ರದ ಗಾಡಿ ಕರೆಸಿ.

ಉದಯಗಿರಿ
ಹುಡುಗನನ್ನು ಕಳಿಸಿದೆ ಮೇಷ್ಟ್ರೇ. ಗಾಡಿಗೆ ಹೇಳಿದ್ದೇವೆ, ನಾಳೆ ಬರುತ್ತದಂತೆ.

ಸಾಲಗಾಮೆ ರಸ್ತೆ ಮನೆ
ಪೈಪ್ ಕೆಲಸದ ಅಣ್ಣ ಹೇಳಿದ ಹಾಗೆ ಮಾಡಿದೆ. ಹೌದು, ಸೋಲಾರ್ ಇದೆ. ಆ ಗಾಳಿ ಪೈಪ್ ಯಾವುದು ಅಂತ ಸೋಲಾರ್ ಹಾಕಿದವರಿಗೆ ಫೋನ್ ಮಾಡಿ ಕೇಳಿಕೊಂಡು, ಅದಕ್ಕೆ ಕೆಂಪು ದಾರ ಕಟ್ಟಿ, ಆಮೇಲೆ ವಾಲ್ ಮುಟ್ಟಿದೆ.

ತಣ್ಣೀರು ಮುಚ್ಚಿದ ಎರಡು ದಿನ ಒದ್ದೆ ಗೆರೆ ದಾಟಿ ಎರಡು ಬೆರಳು ಮುಂದೆ ಹೋಯಿತು. ಬಿಸಿನೀರು ಮುಚ್ಚಿದ ಮೇಲೆ ಮೊದಲ ದಿನ ಅಲ್ಲೇ ನಿಂತಿತು. ಎರಡನೇ ದಿನ ಸಂಜೆ ಅಂಚಿನಲ್ಲಿ ಬಿಳಿ ಬಿಳಿ ಒಣಗಿದ ಹಾಗೆ ಕಾಣಿಸಿತು. ಅಮ್ಮನೇ ಮೊದಲು ನೋಡಿದ್ದು. ಖುಷಿಗೆ ನನಗೆ ಕಣ್ಣಲ್ಲಿ ನೀರು ಬಂತು.

ಇನ್ನು ಯಾರನ್ನು ಕರೆಯುವುದು ಅನ್ನುವುದು. ಮೇಷ್ಟ್ರು ಹೇಳಿದ ಹಾಗೆ ಐಟಿಐಗೆ ಹೋಗಿ ಎರಡು ನಂಬರ್ ತಂದಿದ್ದೇನೆ. ನಾಳೆ ಫೋನ್ ಮಾಡುತ್ತೇನೆ. ಹಳೆಯವರ ಹತ್ತಿರ ದುಡ್ಡು ವಾಪಸ್ ಕೇಳಬಹುದಾ?

ಹೊಸಲೈನ್ ರಸ್ತೆ
ಬಿಲ್ ಅಥವಾ ದುಡ್ಡು ಕೊಟ್ಟ ಆಧಾರ ಏನಾದರೂ ಇದೆಯಾ? ಫೋನಿನಲ್ಲಿ ಕಳಿಸಿದ್ದರೆ ಅದೂ ಆಧಾರವೇ. ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕೇಳಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಹೊಸಬರು ಗೋಡೆ ಒಡೆದಾಗ ಆ ಬಿಳಿ ತುಂಡನ್ನು ಎಸೆಯಲು ಬಿಡಬೇಡಿ. ಗೋಡೆಯಲ್ಲಿ ಇರುವಾಗಲೇ ಫೋಟೋ ತೆಗೆಯಿರಿ.

ಪೈಪ್ ಕೆಲಸದವನು
ಅಕ್ಕ, ಹೊಸಬರಿಗೆ ಒಂದು ಮಾತು ಖಂಡಿತ ಹೇಳಿ. ಗೋಡೆ ಮುಚ್ಚುವ ಮುಂಚೆ ಕೈಪಂಪಿನಲ್ಲಿ ಪ್ರೆಷರ್ ಟೆಸ್ಟ್ ಮಾಡಿ ತೋರಿಸಬೇಕು. ಸೋಲಾರ್ ಕಡೆ, ನಲ್ಲಿ ಕಡೆ ಎಲ್ಲ ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಿ ಪೈಪಿಗಷ್ಟೇ ಪ್ರೆಷರ್ ಕೊಡಬೇಕು. ಸೋಲಾರ್ ಟ್ಯಾಂಕಿಗೆ ಕೊಟ್ಟರೆ ಟ್ಯಾಂಕ್ ಹೋಯಿತು ಅಂತಲೇ ಲೆಕ್ಕ. ಪಂಪಿನ ಮೀಟರಿನ ಮುಳ್ಳು ಒಂದು ಗಂಟೆ ಅಲ್ಲಾಡದೆ ನಿಲ್ಲಬೇಕು. ಸಲ್ಯೂಷನ್ ಹಾಕಿ 24 ಗಂಟೆ ಆಗದೆ ಬಿಸಿನೀರು ಬಿಡಬಾರದು. ಕೈಪಂಪ್ ಇಲ್ಲ, ಕಣ್ಣಲ್ಲೇ ಗೊತ್ತಾಗುತ್ತದೆ ಅಂದರೆ ಕೈಮುಗಿದು ಕಳಿಸಿ.

ಸಾಲಗಾಮೆ ರಸ್ತೆ ಮನೆ
ಎಲ್ಲರಿಗೂ ಏನಾಯಿತು ಅಂತ ಹೇಳಬೇಕು.

ಐಟಿಐನಿಂದ ತಂದ ಎರಡು ನಂಬರಿನಲ್ಲಿ ಒಬ್ಬರು ಬೆಂಗಳೂರಿಗೆ ಹೋಗಿಬಿಟ್ಟಿದ್ದರು. ಇನ್ನೊಬ್ಬರು ಬಂದರು. ಮೂವತ್ತು ವರ್ಷ ಇರಬಹುದು. ಸರ್ಟಿಫಿಕೇಟ್ ಕೇಳಿದೆ. ಮೇಷ್ಟ್ರು ಹೇಳಿದ್ದು ನಿಜ, ಬ್ಯಾಗಿನಿಂದ ತೆಗೆದು ಕೊಟ್ಟರು, ಲ್ಯಾಮಿನೇಷನ್ ಆಗಿತ್ತು. ನಮ್ಮ ಗೋಡೆಯ ಪೆನ್ಸಿಲ್ ಗೆರೆ, ತಾರೀಖು ಎಲ್ಲ ನೋಡಿ, ಇದನ್ನು ಯಾರು ಹೇಳಿಕೊಟ್ಟರು ಅಕ್ಕ, ನನ್ನ ಅರ್ಧ ಕೆಲಸ ಉಳಿಸಿದ್ದಾರೆ ಅಂದರು. ಮಾಳಿಗೆ ಹತ್ತಿದರು. ಸೋಲಾರ್‌ನಿಂದ ಲೈನ್ ಹೇಗೆ ಇಳಿಯುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದರು. ಹಾಳೆಯಲ್ಲೇ ಕೂಲಿ, ಸಾಮಾನು, ಟೈಲ್ಸ್ ಯಾರ ಲೆಕ್ಕ ಅಂತ ಬರೆಸಿ ಸಹಿ ಹಾಕಿಸಿಕೊಂಡೆ. ನೋಡಲು ಬಂದ ದಿನದ ದುಡ್ಡನ್ನು ಬೇರೆ ಕೊಟ್ಟೆ.

ಒಡೆದದ್ದು ಒಂದೂವರೆ ಅಡಿ ಜಾಗ. ಬಿಳಿ ತುಂಡು ಬಾಳೆದಿಂಡಿನ ಹಾಗೆ ಬಗ್ಗಿತ್ತು. ಕಪ್ಲರ್ ಒಂದು ಕಡೆ ಪೂರ್ತಿ ಬಿಟ್ಟುಕೊಂಡಿತ್ತು. ಮೊದಲಿಂದ ಸೋರುತ್ತಿದ್ದ ಜಾಗ ಅದಲ್ಲವೇ ಅಲ್ಲ. ಅದು ಆರು ಇಂಚು ಮೇಲೆ, ಮಿಕ್ಸರ್ ಎಲ್ಬೊದಲ್ಲಿ ಕೂದಲಿನಷ್ಟು ಬಿರುಕು. ಮೂರನೆಯವರು ಅದನ್ನು ನೋಡಿಯೇ ಇರಲಿಲ್ಲ. ಎರಡನೆಯವರು ಹೇಳಿದ ಹಾಗೆ ಪೈಪ್ ಎಲ್ಲ ಹೋಗಿರಲೂ ಇಲ್ಲ. ಹಿತ್ತಾಳೆ ಥ್ರೆಡ್ ಎಲ್ಬೊ, ಎರಡು ಅಡಿ ಸಿಪಿವಿಸಿ, ಎರಡು ಕಪ್ಲರ್. ಅಷ್ಟೇ.

ಕೈಪಂಪ್ ಹಾಕಿ ಹತ್ತು ಕೆಜಿ ತನಕ ಏರಿಸಿದರು. ಅಮ್ಮ ಕುರ್ಚಿ ಹಾಕಿಕೊಂಡು ಮುಳ್ಳನ್ನೇ ನೋಡುತ್ತಾ ಒಂದು ಗಂಟೆ ಕೂತರು. ಅಲ್ಲಾಡಲಿಲ್ಲ. ಬಿಸಿನೀರು ಬಿಟ್ಟ ಮೇಲೆ ಒಂದು ವಾರ ಗೋಡೆ ತೆರೆದೇ ಇಟ್ಟಿದ್ದೆವು. ಬೇಕಂತಲೇ ಮಧ್ಯಾಹ್ನ, ನೀರು ಚೆನ್ನಾಗಿ ಕಾದಾಗ ನಲ್ಲಿ ಬಿಟ್ಟು ನೋಡಿದೆ. ಒಣಗಿಯೇ ಇದೆ. ಫೋಟೋ ಟೇಪ್ ಹಿಡಿದು ತೆಗೆದಾಯಿತು.

ನಾಳೆ ಗಾರೆಯವರು ಬರುತ್ತಾರೆ. ಹಾಲ್‌ನ ಕಡೆ ಬಣ್ಣ ಈಗಲೇ ಬೇಡ, ಗೋಡೆ ಪೂರ್ತಿ ಒಣಗಲು ತಿಂಗಳಾದರೂ ಬೇಕು ಎಂದಿದ್ದಾರೆ. ಸ್ವಿಚ್ ಬೋರ್ಡ್ ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ. ಅಲ್ಲಿಯ ತನಕ ಎಂಸಿಬಿ ಇಳಿಸಿಯೇ ಇರುತ್ತದೆ.

ಕೋಟೆ, ಚಿಕ್ಕಮಗಳೂರು
ಓದಿ ತುಂಬಾ ಸಂತೋಷ ಆಯಿತು. ಅಮ್ಮನ ಕೆಮ್ಮು ಹೇಗಿದೆ?

ಸಾಲಗಾಮೆ ರಸ್ತೆ ಮನೆ
ಕಡಿಮೆ ಆಗಿದೆ ಅಕ್ಕ. ಈ ಸಲ ಒಡೆಯುವಾಗ ಆ ಹುಡುಗರೇ ಬಾಗಿಲಿಗೆ ಒದ್ದೆ ಸೀರೆ ಕಟ್ಟಿಸಿದ್ದರು.